ಡ್ಯೂಟಿಯ ಬೂಟು

ಪೇಷೆಂಟು ಯಾವ ಊರಿನವರೆಂದು ತಿಳಿಯಲು ಕೇಸ್‌ಶೀಟ್ ತಿರುವಬೇಕಾಗಿಲ್ಲ. ಐಸಿಯು ಬಾಗಿಲ ಮುಂದೆ ಅವರ ಕಡೆಯವರು ಬಿಟ್ಟುಹೋದ ಚಪ್ಪಲಿ ನೋಡಿದರೆ ಸಾಕು. ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಬೋರ್ಡಿನ ಕೆಳಗೆ ಬಾಗಲಕೋಟೆ ಜಿಲ್ಲೆಯ ನಕಾಶೆಯೇ ಹರಡಿಕೊಂಡು ಬಿದ್ದಿರುತ್ತದೆ. ಅಟ್ಟೆಯ ಸಂದಿಯಲ್ಲಿ ಕೆಂಪು ಉಸುಕು ಕೂತಿದ್ದರೆ ಬಾದಾಮಿ ಕಡೆಯವರು. ಎರೆಮಣ್ಣು ಮೆತ್ತಿ ಮೆತ್ತಿ ಅಟ್ಟೆ ಎರಡು ಬೆರಳು ದಪ್ಪಗಾಗಿದ್ದರೆ ಹುನಗುಂದದ ಹೊಲದಿಂದ ನೆಟ್ಟಗೆ ಬಂದವರು. ಪಟ್ಟಿಗೆ ಬಣ್ಣದ ನೂಲಿನ ಎಳೆಯೊಂದು ಸುತ್ತಿಕೊಂಡಿದ್ದರೆ ನಮ್ಮ ಇಳಕಲ್ಲಿನ ನೇಕಾರರ ಮನೆಯವರು. ಮಣ್ಣೂ ಇಲ್ಲ, ಎಳೆಯೂ ಇಲ್ಲ, ಬರೀ ಧೂಳು ಇದ್ದರೆ ಬಾಗಲಕೋಟೆ ಪಟ್ಟಣದ ನವನಗರದವರೇ. ಧೂಳು ನೋಡಿ ಸೆಕ್ಟರ್ ನಂಬರ್ ಹೇಳುವುದು ಮಾತ್ರ ನನಗಿನ್ನೂ ಬಂದಿಲ್ಲ.

ಈ ರಾಶಿಯಲ್ಲಿ ದಿನಾ ಒಂದು ಜಗಳ ಇದ್ದದ್ದೇ. ಯಾರೋ ಯಾರದನ್ನೋ ಮೆಟ್ಟಿಕೊಂಡು ಹೋಗಿರುತ್ತಾರೆ. ಅನುಭವಸ್ಥರು ಒಂದು ಕಾಲಿನದನ್ನು ಬಾಗಿಲ ಬಳಿ, ಇನ್ನೊಂದನ್ನು ಲಿಫ್ಟಿನ ಬಳಿ ಬಿಟ್ಟು ಬರುತ್ತಾರೆ. ಒಬ್ಬ ಅಜ್ಜಿ ಅದನ್ನೂ ನಂಬದೆ ಹೊಸ ಚಪ್ಪಲಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ಒಳಗೆ ಬಂದಿದ್ದಳು. “ಯವ್ವಾ, ಇವನ್ನ ಹೊರಗ ಬಿಡಬೇಕಲ್ಲ” ಎಂದೆ. “ಮೊಮ್ಮಗನ ಜೀವ ದೇವರ ಕೈಯಾಗ ಐತಿ. ಚಪ್ಲಿನರ ನನ್ನ ಕೈಯಾಗ ಇರ್ಲಿ ಬಿಡವಾ” ಎಂದಳು. ಇನ್ಫೆಕ್ಷನ್ ಕಂಟ್ರೋಲಿನ ಪಾಠದಲ್ಲಿ ಈ ಮಾತಿಗೆ ಉತ್ತರವಿಲ್ಲ. ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟು, ಅದರೊಳಗೆ ಕಟ್ಟಿಸಿ ಒಳಗೆ ಬಿಟ್ಟೆ.

ಹೊರಗಿನವರ ಚಪ್ಪಲಿಯ ಕಥೆ ಹೀಗಾದರೆ ಒಳಗಿನವರ ಕಾಲನ್ನು ಮಾತ್ರ ಯಾರೂ ನೋಡುವುದಿಲ್ಲ. ಡಾಕ್ಟರು ಪೇಷೆಂಟನ್ನು ನೋಡುತ್ತಾರೆ, ಪೇಷೆಂಟು ಸೂಜಿಯನ್ನು ನೋಡುತ್ತಾನೆ, ಅವನ ಮನೆಯವರು ಏನಾದರೂ ಸುಳಿವು ಸಿಕ್ಕೀತೇ ಎಂದು ನಮ್ಮ ಮುಖ ನೋಡುತ್ತಾರೆ. ಸಿಸ್ಟರ್ ಕಾಲಿನ ಸುದ್ದಿ ಇನ್ನೊಬ್ಬ ಸಿಸ್ಟರಿಗೇ ಗೊತ್ತು. ರಾತ್ರಿ ಎಂಟಕ್ಕೆ ಹ್ಯಾಂಡೋವರ್ ತಗೊಂಡು ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಡುವವರ ಕಷ್ಟಸುಖದ ಮಾತು ಮಕ್ಕಳ ಫೀಸಿನಿಂದ ಶುರುವಾಗಿ ಹಿಮ್ಮಡಿಗೆ ಬಂದು ನಿಲ್ಲುತ್ತದೆ.

ನರ್ಸಿಂಗ್ ಕಲಿಯುವಾಗ ಹೀಗಿರಲಿಲ್ಲ. ಆಗ ನಮ್ಮ ಕಾಲನ್ನು ನೋಡುವವರಿದ್ದರು. ಬೆಳಗಿನ ಇನ್‌ಸ್ಪೆಕ್ಷನ್ನಿನಲ್ಲಿ ಸಾಲಾಗಿ ನಿಲ್ಲಿಸಿ ಉಗುರು, ಜಡೆ, ಬಿಳಿ ಬೂಟು ಮೂರನ್ನೂ ನೋಡುತ್ತಿದ್ದರು. ಬಿಳಿ ಪಾಲಿಶ್ ಮುಗಿದ ದಿನ ಹಾಸ್ಟೆಲ್ಲಿನ ಸೀಮೆಸುಣ್ಣ ಖರ್ಚಾಗುತ್ತಿತ್ತು. ಬೂಟಿನ ಬಣ್ಣ ಪರೀಕ್ಷೆಯಾಯಿತೇ ಹೊರತು ಅಳತೆ ಯಾವತ್ತೂ ಆಗಲಿಲ್ಲ. ಮುಂದೆ ಚೂಪಾಗಿದ್ದ ಆ ಬೂಟಿನೊಳಗೆ ಐದು ಬೆರಳು ಮೂರು ಬೆರಳಿನ ಜಾಗದಲ್ಲಿ ಸಂಸಾರ ಮಾಡುತ್ತಿದ್ದವು. ಒಂದು ಪಾದದಲ್ಲಿ ಇಪ್ಪತ್ತಾರು ಎಲುಬು, ಎರಡೂ ಸೇರಿ ಐವತ್ತೆರಡು. ಅಂದರೆ ಮೈಯ ಒಟ್ಟು 206 ಎಲುಬುಗಳಲ್ಲಿ ಕಾಲುಪಾಲು ಕಾಲಿನಡಿಯಲ್ಲೇ ಇವೆ. ಅನಾಟಮಿ ಪರೀಕ್ಷೆಗೆಂದು ಇದನ್ನು ಉರು ಹೊಡೆದಿದ್ದೆ. ಒಂದೊಂದು ಎಲುಬಿನ ಖುದ್ದು ಪರಿಚಯವಾದದ್ದು ನೈಟ್ ಡ್ಯೂಟಿ ಬಿದ್ದ ಮೇಲೆ.

ಬೂಟು ಆರಿಸುವುದನ್ನು ನನಗೆ ಕಲಿಸಿದವರು ನಮ್ಮ ಹಿರಿಯ ಸಿಸ್ಟರೊಬ್ಬರು. ಬೆಳಿಗ್ಗೆ ಬೂಟು ಕೊಳ್ಳಬಾರದು ಎಂಬುದು ಅವರ ಮೊದಲ ಪಾಠ. ದಿನವಿಡೀ ನಿಂತ ಕಾಲು ಸಂಜೆಗೆ ಊದಿಕೊಳ್ಳುತ್ತದೆ. ಸಂಜೆಯ ಕಾಲಿಗೆ ಸರಿಹೊಂದಿದ್ದು ಬೆಳಿಗ್ಗೆಯೂ ನಡೆಯುತ್ತದೆ, ಬೆಳಗಿನ ಕಾಲಿಗೆ ಹೊಂದಿದ್ದು ಸಂಜೆ ಕಚ್ಚುತ್ತದೆ. ಹಾಗಾಗಿ ಡ್ಯೂಟಿ ಮುಗಿಸಿಕೊಂಡು ಇಬ್ಬರೂ ಅಂಗಡಿಗೆ ಹೋದೆವು. ನಮ್ಮ ಕಡೆಯ ಚಪ್ಪಲಿ ಅಂಗಡಿಯಲ್ಲಿ ಅಳತೆ ತಪ್ಪುವುದೆಂಬುದೇ ಇಲ್ಲ. ಬಿಗಿಯಾಯಿತು ಅಂದರೆ, “ಹಾಕ್ಕೊಂತ ಹಾಕ್ಕೊಂತ ಸಡ್ಲ ಆಕ್ಕಾವ್ರೀ ಅಕ್ಕಾರ.” ಸಡಿಲಾಯಿತು ಅಂದರೆ, “ಸಾಕ್ಸ್ ಹಾಕ್ರಿ, ಬರೋಬ್ಬರಿ ಆಕ್ಕಾವು.” ಎರಡೂ ಅಲ್ಲ, ಬಣ್ಣ ಸೇರಲಿಲ್ಲ ಅಂದರೆ ಮಾತ್ರ ಅಂಗಡಿಯವ ಬೇರೆ ಡಬ್ಬಿ ತೆಗೆಯಲು ಏಣಿ ಹತ್ತುತ್ತಾನೆ.

ಸಿಸ್ಟರು ಅವನ ಮಾತಿಗೆ ಕಿವಿಗೊಡಲಿಲ್ಲ. ಸಾಕ್ಸ್ ಹಾಕಿಸಿ, ಬೂಟು ಹಾಕಿಸಿ, ನನ್ನನ್ನು ನಿಲ್ಲಿಸಿ, ತಾವು ನೆಲಕ್ಕೆ ಕೂತು ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ತಮ್ಮ ಹೆಬ್ಬೆರಳಿಟ್ಟು ಒತ್ತಿದರು. ಅಷ್ಟು ಜಾಗ ಬಿಟ್ಟಿರಬೇಕು. ಕುಳಿತು ಅಳತೆ ನೋಡಿದರೆ ಉಪಯೋಗವಿಲ್ಲ, ಮೈಭಾರ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಆಮೇಲೆ ಬೂಟನ್ನು ಬಿಚ್ಚಿಸಿ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ಬೆರಳಿನ ಬುಡದಲ್ಲಿ ಬಗ್ಗಿದರೆ ಪಾಸು, ನಟ್ಟನಡುವೆ ಮಡಚಿಕೊಂಡರೆ ಫೇಲು. ಹಿಮ್ಮಡಿಯ ಗೋಡೆ ಹಿಚುಕಿದರು, ಗಟ್ಟಿ ಇತ್ತು. ಕೊನೆಗೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅಂಗಡಿಯ ಗ್ರಾನೈಟ್ ನೆಲಕ್ಕೆ ಒಂದಿಷ್ಟು ಸುರುವಿ, “ಹೂಂ, ಈಗ ಇದರ ಮ್ಯಾಲ ನಡಿ” ಅಂದರು. ಅಂಗಡಿಯವ ಏಣಿಯ ಮೇಲಿಂದಲೇ ಕೇಳಿದ: “ಅಕ್ಕಾರ, ಬೂಟು ತಗೊಳ್ಳಾಕ ಬಂದೀರೋ, ಅಂಗಡಿ ತೊಳ್ಯಾಕ ಬಂದೀರೋ?” ಸಿಸ್ಟರು ತಲೆ ಎತ್ತದೆ ಹೇಳಿದರು: “ನಮ್ಮ ವಾರ್ಡಿನ್ಯಾಗ ನೆಲ ಒಣಗಿದ್ದ ದಿನ ನಾ ಇನ್ನೂ ನೋಡಿಲ್ಲಪಾ.”

ನೆಲದ ಮಾತು ಬಂತು. ಇಳಕಲ್ಲು ಲೋಕಕ್ಕೆ ಎರಡು ವಸ್ತು ಕೊಟ್ಟಿದೆ: ಮೈಗೆ ಸೀರೆ, ನೆಲಕ್ಕೆ ಕಲ್ಲು. ಸೀರೆಯ ಬಗ್ಗೆ ನನ್ನ ತಕರಾರಿಲ್ಲ. ತೋಪು ತೆನೆ ಸೆರಗಿನ ಸೀರೆ ಉಟ್ಟು ಯಾರೂ ಹಿಮ್ಮಡಿ ನೋವೆಂದು ಆಸ್ಪತ್ರೆಗೆ ಬಂದಿಲ್ಲ. ಆದರೆ ಪಾಲಿಶ್ ಮಾಡಿದ ಗ್ರಾನೈಟು ನೋಡಲು ಚೆಂದ, ತೊಳೆಯಲು ಸಲೀಸು, ನಿಲ್ಲಲು ಮಾತ್ರ ಕಡುವೈರಿ. ಕಲ್ಲು ಒಂದಿಷ್ಟೂ ತಗ್ಗುವುದಿಲ್ಲ, ತಗ್ಗುವುದೆಲ್ಲ ನಮ್ಮ ಕಾಲೇ. ಹಾಗೆಂದು ತೀರಾ ಮೆತ್ತನೆಯ ಬೂಟು ಹಾಕಿದರೂ ಆಗದು. ಹಿಮ್ಮಡಿ ಹೂತು, ಪಾದ ಅತ್ತಿತ್ತ ಹೊರಳಿ, ಸಂಜೆಗೆ ಮೊಳಕಾಲು ಮಾತಾಡಲು ಶುರು ಮಾಡುತ್ತದೆ. ನಮ್ಮ ಅಪ್ಪ ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದರು. ಕಾಲು ಕುಣಿಯೊಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತ, ದಿನವೆಲ್ಲ ಕಾಲಿಗೆ ಕೆಲಸವೋ ಕೆಲಸ. ಆದರೆ ಕಾಲಿನಲ್ಲಿ ಚಪ್ಪಲಿಯಿಲ್ಲ, ಚಪ್ಪಲಿ ಬಾಗಿಲಲ್ಲಿ. ಅವರ ಹಿಮ್ಮಡಿ ನೊಂದದ್ದನ್ನು ನಾನು ಕೇಳಲೇ ಇಲ್ಲ; ನೊಂದದ್ದು ಬೆನ್ನು. ಒಂದೊಂದು ಕಸುಬು ಒಂದೊಂದು ಅಂಗವನ್ನು ಸುಂಕವಾಗಿ ಕೇಳುತ್ತದೆ.

ಸುಂಕ ಕೊಟ್ಟ ಗುರುತು ಬೆಳಿಗ್ಗೆ ಸಿಗುತ್ತದೆ. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದ ನೋವು, ನಾಲ್ಕು ಹೆಜ್ಜೆ ಹಾಕಿದ ಮೇಲೆ ತುಸು ವಾಸಿ. ಅಂಗಾಲಿನುದ್ದಕ್ಕೂ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಬಿಗಿದ ಪಟ್ಟಿ ರಾತ್ರಿ ಸೆಟೆದುಕೊಂಡಿರುತ್ತದೆ, ಎದ್ದ ಕೂಡಲೇ ಎಳೆದಾಗ ಚೀರುತ್ತದೆ. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸಿದರೆ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿದರೆ ಹಿತವೆನಿಸುತ್ತದೆ. ನಮ್ಮ ಮನೆಯಲ್ಲಿ ಆ ಬಾಟಲಿಗೆ ‘ಕುಡಿಯಬೇಡಿ’ ಎಂದು ಚೀಟಿ ಅಂಟಿಸಿದ್ದೇನೆ. ಚೀಟಿ ನೋಡಿದ ಬೀಗರು ಅದನ್ನು ಔಷಧಿಯೆಂದು ತಿಳಿದು ಇನ್ನಷ್ಟು ಗೌರವದಿಂದ ಎತ್ತಿ ನೋಡುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ದಿನಾ ಅಂಗಾಲು ನೋಡಿಕೊಳ್ಳಿ, ಎಂಸಿಆರ್ ಚಪ್ಪಲಿ ಹಾಕಿ ಎಂದು ನಾವೇ ಉಪದೇಶ ಮಾಡುತ್ತೇವೆ. ಆ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಯ ಹಿಂದೆ ವೆಲ್ಲೂರಿನ ಶ್ರಮವಿದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಡಾಕ್ಟರ್ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಕಾಲುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಸ್ಪರ್ಶಜ್ಞಾನ ಹೋದ ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯದು, ಚಪ್ಪಲಿ ಕಚ್ಚಿದರೂ ತಿಳಿಯದು. ಗಾಯದ ಮೇಲೇ ನಡೆದು ನಡೆದು ಪಾದ ಕಳೆದುಹೋಗುತ್ತದೆ. ಅಂಥವರಿಗೆಂದು ಮೃದುವಾದ ಅಟ್ಟೆಯ ಪಾದರಕ್ಷೆ ರೂಪುಗೊಂಡಿತು. ನೋವೆಂಬುದು ಮೈಯ ಕಾವಲುಗಾರ ಎಂಬುದು ಬ್ರಾಂಡ್ ಅವರು ಬದುಕಿಡೀ ಹೇಳಿಕೊಂಡು ಬಂದ ಮಾತು. ಹಗಲಿನಲ್ಲಿ ನಾನೂ ಇದನ್ನು ಪೂರ್ತಿ ಒಪ್ಪುತ್ತೇನೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಕಾವಲುಗಾರ ಇಷ್ಟು ಗಟ್ಟಿಯಾಗಿ ಕೂಗಬೇಕಿತ್ತೇ ಎನಿಸುತ್ತದೆ.

ಆಪರೇಷನ್ ಥಿಯೇಟರಿನದು ಬೇರೆಯೇ ಲೋಕ. ಅಲ್ಲಿ ಕೆಂಪು ಗೆರೆ ದಾಟುವ ಮುನ್ನ ನಮ್ಮ ಬೂಟು ಬಿಟ್ಟು ಒಳಗಿನ ರಬ್ಬರ್ ಚಪ್ಪಲಿ ಮೆಟ್ಟಬೇಕು. ಅವುಗಳ ಮೇಲೆ ಪೇಂಟಿನಲ್ಲಿ ‘ಓಟಿ’ ಎಂದು ಬರೆದಿರುತ್ತದೆ, ಅಳತೆ ಬರೆದಿರುವುದಿಲ್ಲ. ಆರಡಿ ಎತ್ತರದ ಸರ್ಜನ್ನರು ಹಿಮ್ಮಡಿ ಹೊರಗಿಟ್ಟುಕೊಂಡು ನಿಂತಿರುತ್ತಾರೆ, ಐದಡಿಯ ಸಿಸ್ಟರು ಚಪ್ಪಲಿಯನ್ನು ಎಳೆದುಕೊಂಡು ಟ್ರಾಲಿ ಸುತ್ತ ಓಡಾಡುತ್ತಾರೆ. ಈಗಿನ ಹುಡುಗಿಯರು ಕ್ರಾಕ್ಸ್ ತರುತ್ತಾರೆ. 2002ರಲ್ಲಿ ದೋಣಿಯಲ್ಲಿ ಓಡಾಡುವವರಿಗೆಂದು ಮಾರುಕಟ್ಟೆಗೆ ಬಂದ ಚಪ್ಪಲಿ, ಹಡಗಿಲ್ಲದ ಬಾಗಲಕೋಟೆಯ ವಾರ್ಡಿಗೂ ಬಂತು. ಹಗುರ, ತೊಳೆಯಲು ಸುಲಭ. ಆದರೆ ಮೇಲೆ ತೂತು. ಸೂಜಿ ಕೈಜಾರಿದರೆ, ರಕ್ತ ಚೆಲ್ಲಿದರೆ ಅದು ತೂತು ಹುಡುಕಿಕೊಂಡೇ ಬೀಳುತ್ತದೆ. ಅದಕ್ಕೇ ನಮ್ಮ ಸಿಸ್ಟರು ಮೇಲೆ ಪೂರ್ತಿ ಮುಚ್ಚಿದ್ದನ್ನೇ ಹಾಕಿ ಎನ್ನುವುದು.

ಇನ್ನು ನಮ್ಮ ನೆಲದ್ದೇ ಆದ ಒಂದು ಚಪ್ಪಲಿ ಇದೆ. ಕೊಲ್ಹಾಪುರಿ ಎಂದು ಹೆಸರಿದ್ದರೂ ಅದರ ಭೌಗೋಳಿಕ ಗುರುತಿನ ಹಕ್ಕು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳದ್ದು. ಬೆಳಗಾವಿ, ಧಾರವಾಡ, ವಿಜಯಪುರಗಳ ಜೊತೆ ಬಾಗಲಕೋಟೆಯೂ ಆ ಪಟ್ಟಿಯಲ್ಲಿದೆ. ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ. ಎಣ್ಣೆ ಕುಡಿಸಿ ಕುಡಿಸಿ ಒಲಿಸಿಕೊಳ್ಳಬೇಕು. ನಮ್ಮ ಅಜ್ಜನ ಕೆರ ಕಿರ್ ಕಿರ್ ಎನ್ನುತ್ತ ಓಣಿಯ ತುದಿಗೆ ಬಂದರೆ ಮನೆಯಲ್ಲಿ ಸೊಸೆಯಂದಿರ ಹರಟೆ ನಿಲ್ಲುತ್ತಿತ್ತು, ಚಹಾದ ನೀರು ಒಲೆಗೆ ಏರುತ್ತಿತ್ತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಇಂಥದ್ದೇ ಚಪ್ಪಲಿಯನ್ನು ಊರಿನ ಹೆಸರೆತ್ತದೆ ಮಾಡೆಲ್ಲುಗಳ ಕಾಲಿಗೆ ತೊಡಿಸಿತು. ಗದ್ದಲವೆದ್ದ ಮೇಲೆ ಇದಕ್ಕೆ ಸ್ಫೂರ್ತಿ ಭಾರತದ್ದೇ ಎಂದು ಒಪ್ಪಿಕೊಂಡಿತು. ಅಜ್ಜ ಇದ್ದಿದ್ದರೆ ಆ ಹುಡುಗರ ಫೋಟೋ ನೋಡಿ, ಎಣ್ಣೆ ಹಚ್ಚದೆ ಹಾಕಿಕೊಂಡಿದ್ದಾರೆ, ನಾಳೆ ಕಚ್ಚುತ್ತದೆ ಎಂದಷ್ಟೇ ಹೇಳುತ್ತಿದ್ದ. ಹೊಲಕ್ಕೆ, ಜಾತ್ರೆಗೆ, ಮದುವೆಗೆ ಅದರಂಥ ಪಾದರಕ್ಷೆ ಇಲ್ಲ. ವಾರ್ಡಿಗೆ ಬೇಡ. ಒದ್ದೆ ನೆಲದ ಮೇಲೆ ಜಾರುತ್ತದೆ, ಚರ್ಮಕ್ಕೆ ಇಳಿದ ರಕ್ತ ತೊಳೆದರೆ ಹೋಗದು, ಮೇಲಾಗಿ ನಡುರಾತ್ರಿ ಕಿರ್ ಎಂದರೆ ಹದಿನಾರು ಹಾಸಿಗೆಗಳೂ ಒಟ್ಟಿಗೆ ಕಣ್ಣು ಬಿಡುತ್ತವೆ.

ಚಪ್ಪಲಿಯ ಮಾತೆತ್ತಿ ಶರಣ ಹರಳಯ್ಯನವರನ್ನು ನೆನೆಯದಿದ್ದರೆ ಬಸವಣ್ಣನವರ ಕೂಡಲಸಂಗಮದ ತಾಲ್ಲೂಕಾದ ಹುನಗುಂದಕ್ಕೆ ನಾನು ಮುಖ ತೋರಿಸುವಂತಿಲ್ಲ. ಕಲ್ಯಾಣದ ಬೀದಿಯಲ್ಲಿ ಹರಳಯ್ಯ ಶರಣು ಎಂದರೆ ಬಸವಣ್ಣ ಶರಣು ಶರಣಾರ್ಥಿ ಎಂದರಂತೆ. ಆ ಹೆಚ್ಚಿನ ಒಂದು ಶರಣಿನ ಭಾರ ತಾಳದೆ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಪಾದರಕ್ಷೆ ಮಾಡಿದರು. ಬಸವಣ್ಣ ಅವನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡರು. ಪುರಾಣದಲ್ಲಿ ಈ ಕಥೆ ಕೇಳಿದವರೆಲ್ಲ ಭಕ್ತಿಗೆ ಕಣ್ಣೀರಾಗುತ್ತಾರೆ. ನನಗೆ ಇನ್ನೊಂದು ಚಿಂತೆಯೂ ಹತ್ತುತ್ತದೆ: ಆ ಗಂಡಹೆಂಡಿರ ಡ್ರೆಸ್ಸಿಂಗ್ ಯಾರು ಮಾಡಿದರು? ಸುಟ್ಟ ಗಾಯಕ್ಕೆ ಚರ್ಮ ಕಸಿ ಮಾಡುವಾಗ ಈಗಲೂ ಹೆಚ್ಚಾಗಿ ತೊಡೆಯಿಂದಲೇ ತೆಗೆಯುತ್ತಾರೆ. ಎಷ್ಟೋ ಸಲ ಸುಟ್ಟ ಜಾಗಕ್ಕಿಂತ ಕೊಟ್ಟ ಜಾಗವೇ ಹೆಚ್ಚು ಉರಿಯುತ್ತದೆ. ಅದನ್ನು ಕಣ್ಣಾರೆ ಕಂಡವರಿಗೆ ಆ ಜೋಡು ಕಾಲಿಗೆ ಹಾಕುವಂಥದ್ದಲ್ಲ ಎಂಬುದು ಬೇಗ ತಿಳಿಯುತ್ತದೆ.

ಕಾಲಿಗೆ ಹಾಕದ ಪಾದರಕ್ಷೆ ನಮ್ಮ ವಾರ್ಡಿನಲ್ಲೂ ಒಂದಿದೆ, ಕಾರಣ ಮಾತ್ರ ಅಷ್ಟು ದೊಡ್ಡದಲ್ಲ. ಗೆಳತಿಯೊಬ್ಬಳಿಗೆ ಬೆಂಗಳೂರಿನ ಮಗ ದುಬಾರಿ ಬೂಟು ಕಳಿಸಿದ್ದಾನೆ. ಅದು ಡಬ್ಬಿಯಲ್ಲಿ, ಡಬ್ಬಿ ಕಪಾಟಿನಲ್ಲಿ. ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ನಮಗೆಲ್ಲ ಗುಲಾಬಿ ಹೂವು ಕೊಟ್ಟು ಭಾಷಣ ಮಾಡುತ್ತಾರಲ್ಲ, ಆವತ್ತು ಹೊರಗೆ ಬರುತ್ತದೆ. “ಡ್ಯೂಟಿಗೆ ಯಾಕ ಹಾಕಂಗಿಲ್ಲ?” ಎಂದು ಕೇಳಿದರೆ, “ಡ್ಯೂಟಿಗೆ ಹಾಕಿದ್ರ ಕೆಡ್ತಾವಲ್ಲ” ಎನ್ನುತ್ತಾಳೆ. ಕಾಲು ಕೆಟ್ಟರೆ ನಡೆಯುತ್ತದೆ, ಬೂಟು ಕೆಡಬಾರದು.

ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯ, ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಅವಳಿಗೆ ಸೀರೆ, ಬಳೆ ಒಯ್ಯುತ್ತಾರೆ. ದಾರಿಯ ಊರುಗಳಲ್ಲಿ ದಾಸೋಹ, ಬಿಸಿನೀರು, ಕಾಲಿಗೆ ಹಚ್ಚಲು ಎಣ್ಣೆ. ಇಳಕಲ್ಲಿನಲ್ಲಿ ಅಂಥ ಒಂದು ಶಿಬಿರದಲ್ಲಿ ಬೊಬ್ಬೆ ಒಡೆದವರಿಗೆ ಪಟ್ಟಿ ಕಟ್ಟುತ್ತಿದ್ದೆ. ಬರಿಗಾಲಿನ ಅಜ್ಜನೊಬ್ಬ ಕಾಲು ಚಾಚಿ ಕೂತಿದ್ದ. ಅಂಗಾಲು ಗಟ್ಟಿಯಾಗಿತ್ತು, ಸಣ್ಣದೊಂದು ಸೀಳು ಬಿಟ್ಟರೆ ದೂರೇ ಇಲ್ಲ. ನಾನು ಎದ್ದು ನಿಲ್ಲುವಾಗ “ಯವ್ವಾ” ಎಂದದ್ದು ಅವನ ಕಿವಿಗೆ ಬಿತ್ತು.

“ನಿನ್ನ ಕಾಲಿಗೇನಾತು ತಂಗೀ? ನೀನೂ ಶ್ರೀಶೈಲಕ್ಕ ಹೊಂಟೀಯೇನು?”

“ಇಲ್ಲಜ್ಜಾ. ಆಸ್ಪತ್ರ್ಯಾಗ ರಾತ್ರಿ ಡ್ಯೂಟಿ. ನಿಂತು ನಿಂತು ಹಿಂಗಾಗೈತಿ.”

“ಹಂಗಾದ್ರ ನಂದಕ್ಕಿಂತ ನಿಂದ ತ್ರಾಸಿಂದು. ನಾ ನಡಕೊಂತ ಹೊಂಟೀನಿ, ಸಾಕಾದಾಗ ಗಿಡದ ನೆರಳಿಗೆ ಕುಂಡ್ರತೀನಿ. ನಡದ್ರ ಕಾಲ್ ನೋಯಾಂಗಿಲ್ಲವಾ, ನಿಂತ್ರ ನೋಯ್ತಾವು.”

ಪುಸ್ತಕ ಹೇಳುವುದೂ ಇದನ್ನೇ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ಸುಮ್ಮನೆ ನಿಂತಾಗ ಆ ಕೆಲಸ ನಿಂತು ರಕ್ತ ಕಾಲಲ್ಲೇ ಮಡುಗಟ್ಟುತ್ತದೆ, ಪಾದ ಊದುತ್ತದೆ, ವರ್ಷಗಳು ಕಳೆದಂತೆ ರಕ್ತನಾಳಗಳು ಉಬ್ಬಿ ಹಸಿರಾಗಿ ಕಾಣುತ್ತವೆ. ಎಷ್ಟೇ ಒಳ್ಳೆಯ ಬೂಟಾದರೂ ನೆಲದ ಪೆಟ್ಟು ತಡೆದೀತು, ಜಾರದಂತೆ ಹಿಡಿದೀತು. ಹನ್ನೆರಡು ತಾಸು ನಿಂತದ್ದನ್ನು ಕೂತದ್ದಾಗಿ ಮಾಡಲಾರದು. ನಾವೋ, ಇಷ್ಟು ವರ್ಷ ನೋವಿಗೆ ಉತ್ತರವನ್ನು ಬರೀ ಅಂಗಡಿಯ ಏಣಿಯ ಮೇಲೆ ಹುಡುಕಿದೆವು.

ಒಮ್ಮೆ ಸಿಸ್ಟರುಗಳೆಲ್ಲ ಸೇರಿ ಬಾದಾಮಿಗೆ ಹೋಗಿದ್ದೆವು. ಮಂಗಳೇಶ 578ರಲ್ಲಿ ಕೊರೆಸಿ ಮುಗಿಸಿದ ಮೂರನೆಯ ಗುಹೆಯಲ್ಲಿ ತ್ರಿವಿಕ್ರಮ ಒಂದು ಕಾಲನ್ನು ಆಕಾಶಕ್ಕೆತ್ತಿ ಇನ್ನೊಂದರ ಮೇಲೆ ನಿಂತಿದ್ದಾನೆ. ನಮ್ಮ ಹಿರಿಯ ಸಿಸ್ಟರು ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿ, “ಪಾಪ, ಇವ್ನ ರಿಲೀವರ್ ಇನ್ನೂ ಬಂದಿಲ್ಲ ನೋಡ್ರಿ” ಎಂದರು. ಅದೇ ಮೊಗಸಾಲೆಯ ಇನ್ನೊಂದು ತುದಿಯಲ್ಲಿ ಅದೇ ವಿಷ್ಣು ಆದಿಶೇಷನ ಸುರುಳಿಯ ಮೇಲೆ ಕಾಲು ಮಡಚಿ, ಹೆಡೆಯ ನೆರಳಲ್ಲಿ ಹಾಯಾಗಿ ಕೂತಿದ್ದಾನೆ. ಮೂರು ಲೋಕ ಅಳೆಯಲು ಎದ್ದು ನಿಲ್ಲಬೇಕು, ಉಳಿದ ಹೊತ್ತು ಕೂರಬಹುದು ಎಂಬುದು ಚಾಲುಕ್ಯರಿಗೆ ಗೊತ್ತಿತ್ತು. ಕೇರಳಕ್ಕೆ 2018ರಲ್ಲಿ, ತಮಿಳುನಾಡಿಗೆ 2021ರಲ್ಲಿ ಗೊತ್ತಾಯಿತು. ಅಂಗಡಿಗಳಲ್ಲಿ ದುಡಿಯುವವರಿಗೆ ಆಸನ ಕೊಡಬೇಕೆಂದು ಕಾನೂನನ್ನೇ ತಿದ್ದಿದರು. ನಮ್ಮ ವಾರ್ಡಿನಲ್ಲಿ ನಿಂತವರು ದುಡಿಯುತ್ತಾರೆ, ಕೂತವರು ಹರಟುತ್ತಾರೆ ಎಂಬ ನಂಬಿಕೆ ಇನ್ನೂ ಗಟ್ಟಿ. ಚಾರ್ಟ್ ಬರೆಯುವುದು, ಡೋಸಿನ ಲೆಕ್ಕ ಹಾಕುವುದು, ಬ್ಲಡ್ ಬ್ಯಾಂಕಿಗೆ ಫೋನ್ ಹಚ್ಚುವುದು ಇವೆಲ್ಲ ಕೂತು ಮಾಡಿದರೂ ಆಗುವ ಕೆಲಸ. ಆದರೆ ಸ್ಟೂಲಿನ ಮೇಲೆ ಕೂರುವುದಕ್ಕೂ ರೌಂಡ್ಸಿನವರು ಬಾಗಿಲಲ್ಲಿ ಕಾಣಿಸುವುದಕ್ಕೂ ಏನೋ ಒಳಒಪ್ಪಂದವಿದೆ.

ಸ್ಟೂಲು ಇಲ್ಲವೆಂದಲ್ಲ, ಇದೆ. ಅದರ ಮೇಲೆ ‘ಸಿಸ್ಟರ್’ ಎಂದು ಕೆಂಪು ಪೇಂಟಿನಲ್ಲಿ ಬರೆಸಿದ್ದೂ ಆಗಿದೆ. ಆದರೂ ಅದು ಒಮ್ಮೆ ಪೇಷೆಂಟಿನ ಮಾವನ ಕೆಳಗೆ ಇರುತ್ತದೆ, ಒಮ್ಮೆ ಫ್ಯಾನು ರಿಪೇರಿಯವನ ಕಾಲ ಕೆಳಗೆ, ಒಮ್ಮೆ ಊಟದ ಡಬ್ಬಿಗಳ ಕೆಳಗೆ.

ಮೊನ್ನೆ ಬಾದಾಮಿ ಕಡೆಯ ಹೊಸ ಹುಡುಗಿ ಡ್ಯೂಟಿಗೆ ಬಂದಳು. ಮೊದಲ ನೈಟ್ ಮುಗಿಸಿ, ಕಾಲು ತಿಕ್ಕಿಕೊಳ್ಳುತ್ತ, “ಅಕ್ಕಾರ, ಯಾವ ಬೂಟು ತಗೊಳ್ಳಲಿ, ಹೇಳ್ರಿ” ಎಂದಳು. ಸಂಜೆ ಹೋಗು, ಸಾಕ್ಸ್ ಹಾಕಿಕೊಂಡು ನೋಡು, ಹೆಬ್ಬೆರಳಷ್ಟು ಜಾಗ ಬಿಡು, ಮೇಲೆ ಮುಚ್ಚಿರಬೇಕು, ನೀರು ಚೆಲ್ಲಿ ನಡೆದು ನೋಡು, ಅಂಗಡಿಯವ ಬೈದರೆ ಬೈಯಲಿ ಎಂದು ಎಲ್ಲ ಹೇಳಿದೆ. ಅವಳು ಮೊಬೈಲಿನಲ್ಲಿ ಬರೆದುಕೊಂಡಳು.

“ಇಷ್ಟು ಮಾಡಿದ್ರ ನೋವು ಹೋಗ್ತೈತ್ರಿ?”

“ಅರ್ಧ ಹೋಗ್ತೈತಿ. ಉಳಿದ ಅರ್ಧಕ್ಕ ಆ ಸ್ಟೂಲ್ ಹಿಡಿ. ಮೂರು ಗಂಟೆಕ್ಕ ಡ್ರಿಪ್ ಎಲ್ಲಾ ನೋಡಿ ಬಂದ ಮ್ಯಾಲ ಕುಂತು ಚಾರ್ಟ್ ಬರಿ. ಯಾರರ ಕೇಳಿದ್ರ ನನ್ನ ಹೆಸರು ಹೇಳು.”

ಅವಳು ಹೋಗಿ ನೋಡಿಕೊಂಡು ಬಂದಳು.

“ಅದರ ಮ್ಯಾಲ ಆಗಲೇ ಕುಂತಾರ್ರಿ ಅಕ್ಕಾರ.”

“ಯಾರು?”

“ಹೋದ ವರ್ಷದ ಫೈಲುಗಳ್ರೀ.”